ದಂಡು ಎದ್ದುಹೋದ ಮೇಲೆ

ಬೆಂಗಳೂರಿಗೆ ರೈಲಿನಲ್ಲಿ ಹೋಗಿಬಂದವರು ‘ಬೆಂಗಳೂರು ದಂಡು’ ಅನ್ನೋ ನಿಲ್ದಾಣದ ಹೆಸರನ್ನು ಕೇಳಿರುತ್ತೀರಿ. ದಂಡು ಅಂದರೆ ಸೈನ್ಯ ಬೀಡುಬಿಟ್ಟ ಜಾಗ. ಎಲ್ಲಿ ದಂಡು ಇಳಿಯಿತೋ ಅಲ್ಲಿ ಸುತ್ತಣ ಹಳ್ಳಿಗಳ ಬದುಕೇ ಬೇರೆಯಾಗುತ್ತದೆ. ಹಾಲಿಗೆ ಗಿರಾಕಿ, ಸೊಪ್ಪಿಗೆ ಗಿರಾಕಿ, ಕೋಳಿಮೊಟ್ಟೆಗೆ ಗಿರಾಕಿ. ಓದಿದ ಹುಡುಗನಿಗೆ ಗುಮಾಸ್ತೆ ಕೆಲಸ, ಓದದವನಿಗೆ ಗಾರೆ ಕೆಲಸ. ಮನೆ ಬಾಡಿಗೆಗೆ ಕೊಟ್ಟವರಿಗೆ ತಿಂಗಳು ತಿಂಗಳು ತಪ್ಪದ ಕಾಸು. ಇದೆಲ್ಲ ಒಳ್ಳೆಯದೇ. ಆದರೆ ಒಂದು ದಿನ ದೂರದ ರಾಜಧಾನಿಯಲ್ಲಿ ಯಾರೋ ಒಂದು ಕಾಗದಕ್ಕೆ ರುಜು ಹಾಕಿದರು, ದಂಡು ಗಂಟುಮೂಟೆ ಕಟ್ಟಿತು ಅನ್ನಿ. ಆಗ ಆ ಹಳ್ಳಿಯವರ ಗತಿ ಏನು? ಅವರ ಕೈ ಹಿಡಿಯಬೇಕಾದವರು ಯಾರು?

ಇದು ಬರೀ ಊಹೆಯ ಮಾತಲ್ಲ. ಅಮೆರಿಕದಲ್ಲಿ ನಡೆದದ್ದು, ಅದೂ ಆಲೂಗಡ್ಡೆ ಬೆಳೆಯುವ ರೈತರ ಸೀಮೆಯಲ್ಲಿ. ಹಾಸನದ ಕಡೆಯ ಬೆಳೆಗಾರರು ಸ್ವಲ್ಪ ಗಮನವಿಟ್ಟು ಕೇಳಬೇಕು.

ಅಮೆರಿಕದ ಈಶಾನ್ಯ ಮೂಲೆಯಲ್ಲಿ ಮೇನ್ ಅನ್ನುವ ರಾಜ್ಯವಿದೆ. ಅದರ ಉತ್ತರದ ತುದಿಯಲ್ಲಿ, ಕೆನಡಾ ದೇಶದ ಗಡಿಗೆ ತಾಗಿಕೊಂಡು, ಅರೂಸ್ಟುಕ್ ಜಿಲ್ಲೆ. ವರ್ಷದಲ್ಲಿ ಅರ್ಧ ಭಾಗ ಹಿಮ ಬೀಳುವ ನಾಡು. ಹಿಮ ಕರಗಿದ ಮೇಲೆ ಮೇ ತಿಂಗಳಲ್ಲಿ ಬಿತ್ತನೆ, ಸೆಪ್ಟೆಂಬರಿನಲ್ಲಿ ಗಡ್ಡೆ ಅಗೆತ. ನೆಲ ಹೆಪ್ಪುಗಟ್ಟುವುದರೊಳಗೆ ಗಡ್ಡೆಯೆಲ್ಲ ಮೇಲಕ್ಕೆ ಬಂದು ಉಗ್ರಾಣ ಸೇರಬೇಕು. ಅದಕ್ಕಾಗಿ ಅಲ್ಲಿ ಶಾಲೆಗಳಿಗೆ ಸುಗ್ಗಿಯ ರಜೆ ಕೊಡುವ ವಾಡಿಕೆ ಬೆಳೆದು ಬಂತು. ಉಗ್ರಾಣಗಳನ್ನು ದಿಬ್ಬದ ಮೈಗೆ, ಅರ್ಧ ನೆಲದೊಳಗೆ ಹೂತಂತೆ ಕಟ್ಟುತ್ತಿದ್ದರು. ನಮ್ಮ ಹಗೇವಿನ ದೊಡ್ಡಣ್ಣ ಅನ್ನಿ.

ಆ ಜಿಲ್ಲೆಯಲ್ಲಿ ಲೈಮ್‌ಸ್ಟೋನ್ ಅನ್ನುವ ಒಂದು ಊರು. ಎರಡನೇ ಮಹಾಯುದ್ಧ ಮುಗಿದ ಮೇಲೆ ಅಮೆರಿಕಕ್ಕೂ ರಷ್ಯಾಕ್ಕೂ ಮನಸ್ತಾಪ ಬೆಳೆಯಿತಲ್ಲ, ಆಗ ಬಾಂಬ್ ವಿಮಾನಗಳಿಗೆ ಯೂರೋಪಿಗೆ ಹತ್ತಿರವಾದ ಜಾಗ ಬೇಕಾಯಿತು. ಭೂಪಟದ ಮೇಲೆ ಅಳೆದು ನೋಡಿದರೆ ಈ ಮೂಲೆಯೇ ಹತ್ತಿರ. 1947ರಲ್ಲಿ ಕೆಲಸ ಶುರುವಾಯಿತು. ಸುಮಾರು 9,000 ಎಕರೆ ನೆಲ, 12,000 ಅಡಿಗೂ ಉದ್ದದ ಓಟದ ಹಾದಿ. ಕೊರಿಯಾ ಯುದ್ಧದಲ್ಲಿ ಮಡಿದ, ಅದೇ ರಾಜ್ಯದ ವಿಮಾನವೀರ ಚಾರ್ಲ್ಸ್ ಲೋರಿಂಗ್ ಅವರ ಹೆಸರನ್ನು 1954ರಲ್ಲಿ ಅದಕ್ಕಿಟ್ಟರು. ಅಂದಿನಿಂದ ಅದು ಲೋರಿಂಗ್ ವಾಯುನೆಲೆ.

ನಲವತ್ತು ವರ್ಷ ಆ ಸೀಮೆ ಎರಡು ಕಾಲಿನ ಮೇಲೆ ನಿಂತಿತ್ತು: ಒಂದು ಆಲೂಗಡ್ಡೆ, ಇನ್ನೊಂದು ದಂಡು. ಗಡ್ಡೆಯ ಬೆಲೆ ಬಿದ್ದ ವರ್ಷ ದಂಡಿನ ಸಂಬಳ ಮನೆ ನಡೆಸುತ್ತಿತ್ತು. ಒಬ್ಬ ರೈತನಿಗೆ ಇದರ ಬೆಲೆ ಏನೆಂದು ನಾನು ಬಿಡಿಸಿ ಹೇಳಬೇಕಿಲ್ಲ. 1976ರಲ್ಲೇ ಒಮ್ಮೆ ನೆಲೆಯನ್ನು ಬಹುಪಾಲು ಕುಗ್ಗಿಸುತ್ತೇವೆಂದು ವಾಯುಸೇನೆ ಹೇಳಿತ್ತು. ಊರವರು ಸಮಿತಿ ಕಟ್ಟಿಕೊಂಡು, ಓಡಾಡಿ, ಆ ತೀರ್ಮಾನವನ್ನು ತಿರುಗಿಸಿದರು. ಗೆದ್ದೆವು ಅಂತ ಸಮಾಧಾನಪಟ್ಟರು. ಆದರೆ ಗೆದ್ದ ಮೇಲೆ ಬಂದ ಆ ಹತ್ತು ಹದಿನೈದು ವರ್ಷವೇ ಮೂರನೆಯ ಕಾಲು ಹುಡುಕಲು ಒಳ್ಳೆಯ ಕಾಲವಾಗಿತ್ತು ಅಂತ ನನಗನ್ನಿಸುತ್ತದೆ.

ರಷ್ಯಾದ ಭಯ ಕಡಿಮೆಯಾದ ಮೇಲೆ ಅಮೆರಿಕ ನೆಲೆಗಳನ್ನು ಮುಚ್ಚುತ್ತ ಬಂತು. 1988, 1991, 1993, 1995, 2005 ಹೀಗೆ ಐದು ಸುತ್ತು. ಅವರ ಕ್ರಮ ತಿಳಿದಿರಲಿ. ರಕ್ಷಣಾ ಇಲಾಖೆಯ ಪಟ್ಟಿಯನ್ನು ಒಂದು ಸ್ವತಂತ್ರ ಆಯೋಗ ಬಹಿರಂಗವಾಗಿ ವಿಚಾರಿಸುತ್ತಿತ್ತು, ಬೇಕಾದರೆ ತಿದ್ದುತ್ತಿತ್ತು. ಆಮೇಲೆ ಅಧ್ಯಕ್ಷರಾಗಲಿ ಅಲ್ಲಿಯ ಪಾರ್ಲಿಮೆಂಟಾಗಲಿ ಇಡೀ ಪಟ್ಟಿಯನ್ನು ಒಪ್ಪಬೇಕಿತ್ತು, ಇಲ್ಲವೇ ಇಡಿಯಾಗಿ ತಳ್ಳಬೇಕಿತ್ತು. ನನ್ನೂರೊಂದನ್ನು ಬಿಡಿ ಅನ್ನುವ ಹಾಗಿರಲಿಲ್ಲ. ಊರವರು ಮಾತಾಡಬೇಕಾದದ್ದೆಲ್ಲ ಆಯೋಗದ ಮುಂದೆಯೇ. 1991ರ ಪಟ್ಟಿಯಲ್ಲಿ ಲೋರಿಂಗ್ ಹೆಸರು ಬಂತು, ಈ ಸಲ ಅಳಿಸಲಾಗಲಿಲ್ಲ. 1994ರ ಸೆಪ್ಟೆಂಬರಿನಲ್ಲಿ, ಗಡ್ಡೆ ಅಗೆಯುವ ತಿಂಗಳಲ್ಲೇ, ನೆಲೆ ಮುಚ್ಚಿತು. ಸೈನಿಕರೂ ಅವರ ಸಂಸಾರಗಳೂ ಹೊರಟರು. ಸೈನಿಕರಲ್ಲದ ಸ್ಥಳೀಯ ನೌಕರರು ಸಾವಿರಕ್ಕೂ ಮಿಕ್ಕಿ ಕೆಲಸ ಕಳೆದುಕೊಂಡರು. 1990ರ ಜನಗಣತಿಯಲ್ಲಿ ನೆಲೆಯೂ ಸೇರಿ ಲೈಮ್‌ಸ್ಟೋನಿನ ಜನಸಂಖ್ಯೆ ಸುಮಾರು 9,900. 2000ದಲ್ಲಿ ಎಣಿಸಿದಾಗ ಸುಮಾರು 2,400. ನಾಲ್ಕು ಜನರಲ್ಲಿ ಮೂವರು ಇಲ್ಲ! ನೆಚ್ಚಿದ ಎಮ್ಮೆ ಕೋಣ ಈಯಿತು ಅನ್ನುವ ಗಾದೆ ಅಲ್ಲಿಯವರಿಗೆ ತಿಳಿದಿಲ್ಲದಿರಬಹುದು, ಅನುಭವ ಮಾತ್ರ ಆಯಿತು.

ಈಗ ರಾಜ್ಯ ಸರ್ಕಾರ ಏನು ಮಾಡಿತು ನೋಡೋಣ. ದಂಡು ಕೇಂದ್ರದ್ದು, ಮುಚ್ಚಿದ್ದೂ ಕೇಂದ್ರವೇ. ನಮಗೇನು ಸಂಬಂಧ ಅಂತ ರಾಜ್ಯ ಕೈ ತೊಳೆದುಕೊಳ್ಳಬಹುದಿತ್ತು. ಮೇನ್ ರಾಜ್ಯ ಹಾಗೆ ಮಾಡಲಿಲ್ಲ. ನೆಲೆ ಮುಚ್ಚುವುದಕ್ಕೆ ಮೊದಲೇ, 1993ರಲ್ಲಿ, ಅಲ್ಲಿಯ ಶಾಸನಸಭೆ ಕಾಯಿದೆ ಮಾಡಿ ಲೋರಿಂಗ್ ಅಭಿವೃದ್ಧಿ ಪ್ರಾಧಿಕಾರ ಅನ್ನುವುದನ್ನು ಕಟ್ಟಿತು. ಗವರ್ನರು ನೇಮಿಸುವ ಧರ್ಮದರ್ಶಿಗಳ ಮಂಡಳಿ. ಕೆಲಸ ಏನಪ್ಪಾ ಅಂದರೆ, ಸೈನ್ಯ ಬಿಟ್ಟುಹೋದ ಕಟ್ಟಡ, ರಸ್ತೆ, ನೀರಿನ ಕೊಳವೆ, ಕೊಟ್ಟಿಗೆಯಂಥ ದೊಡ್ಡ ವಿಮಾನಶಾಲೆ ಇವನ್ನೆಲ್ಲ ವಹಿಸಿಕೊಂಡು, ಕೆಲಸ ಕೊಡುವವರನ್ನು ಹುಡುಕಿ ತಂದು ಕೂರಿಸುವುದು. ಬೀಗ ಜಡಿದು ಕೂತರೆ ಆಗದು. ಆ ಚಳಿಯಲ್ಲಿ ಒಂದು ಚಳಿಗಾಲ ಕಟ್ಟಡಕ್ಕೆ ಬೆಚ್ಚಗಿನ ಗಾಳಿ ಹಾಯಿಸದಿದ್ದರೆ ಕೊಳವೆಯಲ್ಲಿ ನೀರು ಹೆಪ್ಪುಗಟ್ಟಿ ಕೊಳವೆ ಒಡೆಯುತ್ತದೆ. ಗೇಯದೆ ಬಿಟ್ಟ ಹೊಲದಲ್ಲಿ ಲಂಟಾನ ಹಬ್ಬುವುದಿಲ್ಲವೇ, ಹಾಗೆ.

ಇದಕ್ಕೆಲ್ಲ ಹಣ? ಇಲ್ಲಿ ಆ ಶಾಸನಸಭೆ ಒಂದು ಜಾಣತನದ ಲೆಕ್ಕ ಹಾಕಿತು. ಅಲ್ಲಿ ನೌಕರರ ಸಂಬಳದಲ್ಲೇ ರಾಜ್ಯದ ವರಮಾನ ತೆರಿಗೆಯನ್ನು ಮುರಿದುಕೊಳ್ಳುತ್ತಾರೆ. ಹಳೆಯ ನೆಲೆಯ ಒಳಗೆ ಹೊಸದಾಗಿ ಹುಟ್ಟಿದ ಕೆಲಸಗಳಿಂದ ಹೀಗೆ ಬರುವ ತೆರಿಗೆಯಲ್ಲಿ ಅರ್ಧವನ್ನು ರಾಜ್ಯ ತಾನೇ ಇಟ್ಟುಕೊಳ್ಳದೆ ಒಂದು ನಿಧಿಗೆ ಹಾಕಿ ಪ್ರಾಧಿಕಾರಕ್ಕೆ ಕೊಡುತ್ತದೆ. ಅದರಿಂದ ನೀರು, ಚರಂಡಿ, ಬೆಂಕಿದಳ, ರಸ್ತೆಯ ಖರ್ಚು ಸಾಗಬೇಕು. ಒಂದೇ ಸಲ ಗಂಟು ಕೊಟ್ಟು ಕೈ ಬಿಟ್ಟಿದ್ದರೆ ಅದು ಕರಗಿಹೋಗುತ್ತಿತ್ತು. ಕೂತು ಉಂಬುವವನಿಗೆ ಕುಡಿಕೆ ಹೊನ್ನು ಸಾಲದಂತೆ! ಈ ಏರ್ಪಾಟಿನಲ್ಲಿ ಕೆಲಸ ಹುಟ್ಟಿದರೆ ಹಣ, ಹುಟ್ಟದಿದ್ದರೆ ಇಲ್ಲ. ಆದರೆ ಇದರ ದೋಷವೂ ಅದರಲ್ಲೇ ಇದೆ. ಕೆಲಸ ಕಡಿಮೆಯಾದ ವರ್ಷ ರಸ್ತೆಯ ಮೇಲಿನ ಹಿಮವೇನೂ ಕಡಿಮೆ ಬೀಳುವುದಿಲ್ಲ.

ನೆಲದ ಮಾತೂ ಇದೆ. ವಿಮಾನದ ಎಣ್ಣೆ, ಯಂತ್ರ ತೊಳೆಯುವ ದ್ರಾವಣ ಹೀಗೆ ನಲವತ್ತು ವರ್ಷ ಸೋರಿದ್ದು ಮಣ್ಣಿಗೂ ಅಂತರ್ಜಲಕ್ಕೂ ಇಳಿದಿತ್ತು. 1990ರಲ್ಲೇ ಈ ಜಾಗ ಕೇಂದ್ರದ ಮಾಲಿನ್ಯದ ಪಟ್ಟಿಗೆ ಸೇರಿತ್ತು. ಶುಚಿ ಮಾಡುವ ಹೊಣೆ ವಾಯುಸೇನೆಯದು. ಆದರೆ ಆ ಒಪ್ಪಂದದಲ್ಲಿ ಮೇನ್ ರಾಜ್ಯದ ಪರಿಸರ ಇಲಾಖೆಯೂ ಒಬ್ಬ ಪಕ್ಷದಾರನಾಗಿ ರುಜು ಹಾಕಿತು. ಪಕ್ಕದಲ್ಲಿ ಬಾವಿ ಇಟ್ಟುಕೊಂಡ ಒಕ್ಕಲಿಗನಿಗೆ ತನ್ನ ಪರವಾಗಿ ಕೇಳುವವರೊಬ್ಬರು ಆ ಕೋಣೆಯಲ್ಲಿ ಇರುವುದು ಸಣ್ಣ ಮಾತಲ್ಲ.

ಅಕ್ಕ-ತಂಗಿಯರು ಕೇಳಬಹುದು, ಮಕ್ಕಳ ಶಾಲೆ ಏನಾಯಿತು ಅಂತ. ಸೈನಿಕರ ಮಕ್ಕಳು ಹೋದ ಮೇಲೆ ಊರಿನ ಶಾಲೆಯಲ್ಲಿ ಕೋಣೆಗಳು ಖಾಲಿ ಬಿದ್ದವು. ರಾಜ್ಯ ಅಲ್ಲೇ, 1995ರಲ್ಲಿ, ವಿಜ್ಞಾನ ಮತ್ತು ಗಣಿತಕ್ಕೆಂದು ಒಂದು ವಸತಿ ಪ್ರೌಢಶಾಲೆ ತೆರೆಯಿತು. ಇಡೀ ರಾಜ್ಯದ ಚುರುಕಾದ ಮಕ್ಕಳು ಆ ಮೂಲೆಗೆ ಬಂದು ಓದತೊಡಗಿದರು. ಎಲ್ಲ ನೆರವಿನಲ್ಲಿ ನನಗೆ ಬಹಳ ಹಿಡಿಸಿದ್ದು ಇದೇ. ಕಾರ್ಖಾನೆ ಎದ್ದುಹೋಗಬಹುದು, ಶಾಲೆ ಅಷ್ಟು ಸುಲಭವಾಗಿ ಏಳುವುದಿಲ್ಲ.

ಮಿಕ್ಕ ಜಾಗಕ್ಕೆ ತರಾವರಿ ಜನ ಬಂದರು. ಸೈನ್ಯದ ಸಂಬಳ-ಲೆಕ್ಕ ಬರೆಯುವ ಒಂದು ದೊಡ್ಡ ಕಚೇರಿ ಬಂತು. ಯುವಜನರಿಗೆ ಕಸುಬು ಕಲಿಸುವ ಕೇಂದ್ರ ಬಂತು. ಸುಮಾರು 5,000 ಎಕರೆ 1998ರಲ್ಲಿ ಹಕ್ಕಿ-ಪ್ರಾಣಿಗಳ ಅಭಯಾರಣ್ಯವಾಯಿತು. ತಮಾಷೆ ಕೇಳಿ: 1997ರಲ್ಲಿ ಫಿಶ್ ಅನ್ನುವ ಹಾಡುಗಾರರ ಮೇಳ ಆ ಓಟದ ಹಾದಿಯ ಬಳಿ ಕಛೇರಿ ನಡೆಸಿದಾಗ ಹತ್ತಾರು ಸಾವಿರ ಜನ ಡೇರೆ ಹಾಕಿಕೊಂಡು ಕೂತರು. ಅಷ್ಟು ಜನರಿಗೆ ಊಟ-ನೀರು ಒದಗಿಸಿ ಸುತ್ತಣ ಅಂಗಡಿಯವರು ಸುಸ್ತಾಗಿರಬೇಕು!

ಎಲ್ಲವೂ ಹಣ್ಣಾಗಲಿಲ್ಲ. ರಾಜ್ಯವೇ ಅಲ್ಲಿ ಸೈನ್ಯದ ವಾಹನಗಳ ದುರಸ್ತಿಗೆ ಒಂದು ಕಾರ್ಯಾಗಾರ ನಡೆಸಿತು. ನೂರಾರು ಜನರಿಗೆ ಕೆಲಸ ಸಿಕ್ಕಿತು. ಇರಾಕಿನ ಯುದ್ಧ ತಣ್ಣಗಾದಂತೆ ಬರುವ ವಾಹನಗಳೂ ಕಡಿಮೆಯಾದವು. ಆಮೇಲೆ ಮ್ಯಾಸಚೂಸೆಟ್ಸ್ ರಾಜ್ಯದ ಸಾರಿಗೆ ಬಸ್ಸುಗಳನ್ನು ಹೊಸದುಮಾಡಿಕೊಡುವ ಗುತ್ತಿಗೆ ಹಿಡಿದರು. ಖರ್ಚು ಅಂದಾಜನ್ನು ಮೀರಿತು, ಕೆಲಸ ನಡುವೆಯೇ ನಿಂತಿತು. ಒಂದು ದಂಡನ್ನು ನಂಬಿದ್ದವರು ಇನ್ನೊಂದು ದಂಡಿನ ಕೆಲಸವನ್ನೇ ನಂಬಿದ್ದರು, ಅಷ್ಟೇ ವ್ಯತ್ಯಾಸ.

ಬೇರೆ ರಾಜ್ಯಗಳ ರೀತಿ ಬೇರೆ. ಟೆಕ್ಸಸ್ಸಿನಲ್ಲಿ 2003ರಲ್ಲಿ ಮತದಾರರು 25 ಕೋಟಿ ಡಾಲರಿನ ಸಾಲಪತ್ರಗಳಿಗೆ ಒಪ್ಪಿಗೆ ಕೊಟ್ಟರು. ನೆಲೆ ಇರುವ ಊರುಗಳಿಗೆ ರಸ್ತೆ, ನೀರು ಸರಿಮಾಡಿಕೊಳ್ಳಲು ರಾಜ್ಯ ಅದರಿಂದ ಸಾಲ ಕೊಡಬಹುದು. ಗಮನಿಸಿ, ಸಾಲ, ದಾನವಲ್ಲ. ನೆಲೆ ಉಳಿದರೆ ತೀರಿಸಬಹುದು, ಹೋದರೆ ಊರಿನ ತಲೆಯ ಮೇಲೆ.

ಅರಿಜೋನಾದ ಕಥೆ ಹೊಲ ಇರುವವರು ಕೇಳತಕ್ಕದ್ದು. ಫೀನಿಕ್ಸ್ ಪಟ್ಟಣದ ಪಕ್ಕ ಲ್ಯೂಕ್ ವಾಯುನೆಲೆ, ಅದರ ಸುತ್ತ ಹತ್ತಿ, ಕುದುರೆಮೆಂತ್ಯ ಬೆಳೆಯುವ ನೀರಾವರಿ ಜಮೀನು. ಪಟ್ಟಣ ಬೆಳೆದು ಹೊಲಗಳೆಲ್ಲ ನಿವೇಶನವಾದರೆ, ಮನೆ ಕಟ್ಟಿದವರು ವಿಮಾನದ ಸದ್ದು ತಾಳಲಾರೆವೆಂದು ದೂರು ಕೊಡುತ್ತಾರೆ. ದೂರು ಹೆಚ್ಚಿದರೆ ನೆಲೆಗೇ ಕುತ್ತು. ಹೊಲ ಹೊಲವಾಗಿಯೇ ಇದ್ದರೆ ಯಾರಿಗೂ ತೊಂದರೆಯಿಲ್ಲ, ಹತ್ತಿಗಿಡಕ್ಕೆ ಕಿವಿಯಿಲ್ಲ. ಅದಕ್ಕೆ ಆ ರಾಜ್ಯ 2004ರಲ್ಲಿ ಒಂದು ನಿಧಿ ಮಾಡಿ, ನೆಲೆಗಳ ಹತ್ತಿರದ ಜಮೀನನ್ನೋ, ಅದರ ಮೇಲೆ ಕಟ್ಟಡ ಕಟ್ಟುವ ಹಕ್ಕನ್ನೋ ಬೆಲೆ ಕೊಟ್ಟು ಕೊಳ್ಳಲು ಏರ್ಪಾಟು ಮಾಡಿತು. ಹಕ್ಕನ್ನು ಮಾತ್ರ ಮಾರಿದರೆ ಜಮೀನು ರೈತನದೇ, ಬೆಳೆಯೂ ಅವನದೇ. ಆದರೆ ಹೀಗೆ ಮಾರಿದ ಹಕ್ಕು ಮಕ್ಕಳ ಕಾಲಕ್ಕೂ ತಿರುಗಿ ಬರುವಂಥದ್ದಲ್ಲ. ಇಂದಿನ ಹೊಲದ ಬೆಲೆ ನೋಡಬೇಕೋ, ನಾಳಿನ ನಿವೇಶನದ ಬೆಲೆ ನೋಡಬೇಕೋ ಅನ್ನುವುದನ್ನು ಮನೆಮಂದಿಯೆಲ್ಲ ಕೂತು ಲೆಕ್ಕ ಹಾಕಿಯೇ ಹೆಬ್ಬೆಟ್ಟು ಒತ್ತಬೇಕು.

ಲೈಮ್‌ಸ್ಟೋನಿನವರ ಕಥೆಯ ಬಾಕಿ ಹೇಳಿಬಿಡುತ್ತೇನೆ. 2005ರ ಸುತ್ತಿನಲ್ಲಿ, ಹಳೆಯ ನೆಲೆಯಲ್ಲಿ ಬಂದು ಕೂತಿದ್ದ ಲೆಕ್ಕದ ಕಚೇರಿಯನ್ನೂ ಮುಚ್ಚಬೇಕೆಂದು ರಕ್ಷಣಾ ಇಲಾಖೆ ಪಟ್ಟಿ ಕೊಟ್ಟಿತು. ಗಾಯದ ಮೇಲೆ ಬರೆ. ಈ ಸಲ ಊರು, ರಾಜ್ಯ ಸರ್ಕಾರ, ಪಾರ್ಲಿಮೆಂಟಿನ ಸದಸ್ಯರು ಒಟ್ಟಾಗಿ ಆಯೋಗದ ಮುಂದೆ ವಾದಿಸಿದರು. ಆಯೋಗ ಅವರ ಮಾತು ಒಪ್ಪಿ ಕಚೇರಿಯನ್ನು ಉಳಿಸಿದ್ದಷ್ಟೇ ಅಲ್ಲ, ಕೆಲಸಗಳನ್ನು ಹೆಚ್ಚಿಸಬೇಕೆಂದೂ ತೀರ್ಮಾನಿಸಿತು. ಅದೇ ಸುತ್ತಿನಲ್ಲಿ, ಅದೇ ರಾಜ್ಯದ ದಕ್ಷಿಣದ ಕಡಲತೀರದಲ್ಲಿದ್ದ ಬ್ರನ್ಸ್‌ವಿಕ್ ನೌಕಾಪಡೆಯ ವಿಮಾನನೆಲೆಯನ್ನು ಮುಚ್ಚಲು ಆಯೋಗ ಹೇಳಿತು. ಅದು ಮುಚ್ಚಿದ್ದು 2011ರಲ್ಲಿ. ಅದಕ್ಕೆ ವರ್ಷಗಟ್ಟಲೆ ಮುಂಚೆಯೇ ಶಾಸನಸಭೆ ಲೋರಿಂಗಿನ ಮಾದರಿಯಲ್ಲೇ ಅಲ್ಲಿಗೂ ಒಂದು ಪ್ರಾಧಿಕಾರ ಕಟ್ಟಿ, ತೆರಿಗೆ ಹಂಚಿಕೊಳ್ಳುವ ಅದೇ ಬಗೆಯ ಏರ್ಪಾಟನ್ನೂ ಮಾಡಿಕೊಟ್ಟಿತ್ತು.