ಮಗುವಿನ ಕೈಯಲ್ಲಿ ಬಂದೂಕು ಕಂಡಾಗ



2014ರ ನವೆಂಬರ್ 22, ಶನಿವಾರ ಮಧ್ಯಾಹ್ನ. ಅಮೆರಿಕದ ಓಹಾಯೊ ರಾಜ್ಯದ ಕ್ಲೀವ್‌ಲ್ಯಾಂಡ್ ನಗರದಲ್ಲೊಂದು ಉದ್ಯಾನ. ನೆಲದ ಮೇಲೆ ಹಿಮ ಬಿದ್ದಿದೆ. ಟಮೀರ್ ರೈಸ್ ಎಂಬ ಹನ್ನೆರಡು ವರ್ಷದ ಹುಡುಗ ಒಬ್ಬನೇ ಅಡ್ಡಾಡುತ್ತಿದ್ದಾನೆ. ಹಿಮವನ್ನು ಉಂಡೆ ಕಟ್ಟಿ ಎಸೆಯುತ್ತಾನೆ. ಪಿಸ್ತೂಲೊಂದನ್ನು ಸೊಂಟದಿಂದ ತೆಗೆದು ಗುರಿ ಹಿಡಿಯುತ್ತಾನೆ, ಮತ್ತೆ ಅಲ್ಲೇ ಸಿಕ್ಕಿಸಿಕೊಳ್ಳುತ್ತಾನೆ. ಅದು ಪ್ಲಾಸ್ಟಿಕ್ ಗುಂಡು ಹಾರಿಸುವ ಏರ್‌ಸಾಫ್ಟ್ ಆಟಿಕೆ, ಗೆಳೆಯನದು. ಮೂತಿಯಲ್ಲಿ ಇರಬೇಕಾಗಿದ್ದ ಕಿತ್ತಳೆ ತುಣುಕು ಇರಲಿಲ್ಲ.

ಅಲ್ಲಿದ್ದ ಒಬ್ಬರು ಇದನ್ನು ನೋಡಿ ತುರ್ತು ಸಂಖ್ಯೆ 911ಕ್ಕೆ ಕರೆ ಮಾಡಿದರು. ಅವರು ಹೇಳಿದ್ದನ್ನು ಗಮನಿಸಿ. ಪಿಸ್ತೂಲು ನಕಲಿಯೇ ಇರಬೇಕು ಎಂದರು. ಹಿಡಿದಿರುವವನು ಇನ್ನೂ ಹುಡುಗನಿರಬೇಕು ಎಂದರು. ಆದರೂ ಜನರತ್ತ ಗುರಿಯಿಡುತ್ತಿದ್ದಾನೆ, ಭಯವಾಗುತ್ತಿದೆ ಎಂದರು. ಕಂಡದ್ದು, ಅನ್ನಿಸಿದ್ದು, ಭಯ, ಎಲ್ಲವನ್ನೂ ಹೇಳಿದರು. ದಾರಿಹೋಕರೊಬ್ಬರಿಂದ ಇದಕ್ಕಿಂತ ಹೆಚ್ಚೇನು ಬಯಸುವುದು?

ಕರೆ ಸ್ವೀಕರಿಸಿದವರು ಆ ಎರಡು ಅನುಮಾನಗಳನ್ನು ಕಂಪ್ಯೂಟರಿಗೆ ಹಾಕಲಿಲ್ಲ. ಹಾಗಾಗಿ ರೇಡಿಯೊದಲ್ಲಿ ಗಸ್ತು ಪೊಲೀಸರಿಗೆ ತಲುಪಿದ್ದು ಇಷ್ಟೇ: ಒಬ್ಬ ಗಂಡಸು, ಪಿಸ್ತೂಲು, ಜನರತ್ತ ಗುರಿ. ಕಾರು ರಸ್ತೆ ಬಿಟ್ಟು ಹುಲ್ಲಿನ ಮೇಲೇ ಓಡಿ ಹುಡುಗನ ಪಕ್ಕಕ್ಕೆ ಬಂದು ನಿಂತಿತು. ನಿಂತ ಎರಡು ಸೆಕೆಂಡಿನೊಳಗೆ ಗುಂಡು ಹಾರಿತು. ಮರುದಿನ ಟಮೀರ್ ತೀರಿಕೊಂಡ. ಗುಂಡು ಹಾರಿಸಿದ ಮೇಲೂ ಪೊಲೀಸರು ರೇಡಿಯೊದಲ್ಲಿ ಅವನ ವಯಸ್ಸು ಇಪ್ಪತ್ತಿರಬಹುದು ಎಂದೇ ಹೇಳಿದ್ದರು. ಟಮೀರ್‌ನಂಥ ಕಪ್ಪು ಮೈಬಣ್ಣದ ಹುಡುಗರನ್ನು ಅವರ ನಿಜ ವಯಸ್ಸಿಗಿಂತ ದೊಡ್ಡವರೆಂದು ಜನ ಎಣಿಸುತ್ತಾರೆ ಎಂದು ಮನಃಶಾಸ್ತ್ರಜ್ಞರ ಅಧ್ಯಯನವೊಂದು ಅದೇ ವರ್ಷ ಪ್ರಕಟವಾಗಿತ್ತು. ಪೊಲೀಸರ ಮೇಲೆ ಕ್ರಿಮಿನಲ್ ಮೊಕದ್ದಮೆ ಆಗಲಿಲ್ಲ. ನಗರಾಡಳಿತ ಕುಟುಂಬಕ್ಕೆ 60 ಲಕ್ಷ ಡಾಲರ್ ಕೊಟ್ಟು ದಾವೆ ಮುಗಿಸಿಕೊಂಡಿತು. ಕರೆ ಸ್ವೀಕರಿಸಿದವರಿಗೆ 2017ರಲ್ಲಿ ಎಂಟು ದಿನಗಳ ಅಮಾನತು ಆಯಿತು.

ಹಾಗಾದರೆ ಕರೆ ಮಾಡಿದ್ದೇ ತಪ್ಪೆ? ಅಲ್ಲ. ಆದರೆ ಕರೆ ಮಾಡುವವರು ಒಂದು ಸಂಗತಿ ತಿಳಿದಿರಬೇಕು. ನಮ್ಮ ಮಾತು ಒಬ್ಬರ ಕಿವಿಗೆ ಬಿದ್ದು, ಇನ್ನೊಬ್ಬರ ಪರದೆಗೆ ಹೋಗಿ, ಮೂರನೆಯವರ ರೇಡಿಯೊ ಸೇರುತ್ತದೆ. ಈ ದಾರಿಯಲ್ಲಿ ‘ಬಂದೂಕು’ ಎಂಬ ಸುದ್ದಿ ಎಲ್ಲೂ ಕಳೆದುಹೋಗುವುದಿಲ್ಲ. ಅನುಮಾನ ಮಾತ್ರ ಮೊದಲ ತಿರುವಿನಲ್ಲೇ ಉದುರುತ್ತದೆ.

ಕಿತ್ತಳೆ ಮೂತಿಯ ಬಗ್ಗೆ ಒಂದು ಮಾತು. ಅಮೆರಿಕದಲ್ಲಿ 1989ರಿಂದ ಆಟಿಕೆ ಬಂದೂಕಿಗೆ ಇಂಥ ಗುರುತು ಕಡ್ಡಾಯ. ಆದರೆ ಅದು ಮುರಿಯುತ್ತದೆ, ಕಳಚುತ್ತದೆ, ಮಕ್ಕಳೇ ಕಿತ್ತುಹಾಕುತ್ತಾರೆ. 2013ರಲ್ಲಿ ಕ್ಯಾಲಿಫೋರ್ನಿಯಾದ ಸಾಂತಾ ರೋಸಾದಲ್ಲಿ ಆಂಡಿ ಲೋಪೆಜ್ ಎಂಬ ಹದಿಮೂರರ ಹುಡುಗ ಎಕೆ-47 ಮಾದರಿಯ ಆಟಿಕೆ ಹಿಡಿದು ನಡೆದುಹೋಗುತ್ತಿದ್ದ. ಹಿಂದಿನಿಂದ ಪೊಲೀಸರು ಕೂಗಿದರು, ಅವನು ತಿರುಗಿದ, ಗುಂಡೇಟಿಗೆ ಸತ್ತ. ಆ ಆಟಿಕೆಯ ಕಿತ್ತಳೆ ತುದಿಯೂ ಮುರಿದಿತ್ತು. ಆಮೇಲೆ ಆ ರಾಜ್ಯ, ಇಂಥ ಆಟಿಕೆಗಳ ಮೇಲೆ ಕಣ್ಣಿಗೆ ಹೊಡೆಯುವ ಬಣ್ಣ ಇನ್ನೂ ಹೆಚ್ಚಾಗಿರಬೇಕೆಂದು ಕಾನೂನು ಮಾಡಿತು. ಆದರೂ ದೂರದಿಂದ ನೋಡುವವರು ತುದಿಯ ಬಣ್ಣವೊಂದನ್ನೇ ನಂಬಿ ಯಾವ ತೀರ್ಮಾನಕ್ಕೂ ಬರಬಾರದು.

ಕಂಡದ್ದಕ್ಕಿಂತ ಹೆಚ್ಚು ಹೇಳುವುದು ಇನ್ನೂ ಅಪಾಯ. 2014ರ ಆಗಸ್ಟಿನಲ್ಲಿ, ಅದೇ ಓಹಾಯೊದ ಬೀವರ್‌ಕ್ರೀಕ್ ಊರಿನ ವಾಲ್‌ಮಾರ್ಟಿನಲ್ಲಿ, ಜಾನ್ ಕ್ರಾಫರ್ಡ್ ಎಂಬ ಇಪ್ಪತ್ತೆರಡರ ಯುವಕ ಅಂಗಡಿಯ ಕಪಾಟಿನಲ್ಲೇ ಇದ್ದ ಏರ್‌ಗನ್ ಎತ್ತಿಕೊಂಡು ಫೋನಿನಲ್ಲಿ ಮಾತಾಡುತ್ತ ಓಡಾಡುತ್ತಿದ್ದ. ಅವನು ಜನರತ್ತ ಗುರಿ ಹಿಡಿಯುತ್ತಿದ್ದಾನೆ ಎಂದು ಗಿರಾಕಿಯೊಬ್ಬರು ಕರೆ ಮಾಡಿದರು. ಅಂಗಡಿಯ ಕ್ಯಾಮರಾದಲ್ಲಿ ಆ ಮಾತಿಗೆ ಪುರಾವೆ ಸಿಗಲಿಲ್ಲ. ಅಷ್ಟರಲ್ಲಿ ಪೊಲೀಸರು ಅವನನ್ನು ಕೊಂದಾಗಿತ್ತು.

ಹಾಗೆಂದು ‘ಮಕ್ಕಳಾಟ, ಬಿಡಿ’ ಎಂದು ಮುಂದೆ ಹೋಗುವಂತೆಯೂ ಇಲ್ಲ. 2023ರ ಜನವರಿಯಲ್ಲಿ ವರ್ಜೀನಿಯಾದ ನ್ಯೂಪೋರ್ಟ್ ನ್ಯೂಸ್ ಎಂಬಲ್ಲಿ ಆರು ವರ್ಷದ ಬಾಲಕ ತರಗತಿಯಲ್ಲೇ ತನ್ನ ಶಿಕ್ಷಕಿಗೆ ಗುಂಡು ಹೊಡೆದ. ಅದು ತಾಯಿಯ ಪಿಸ್ತೂಲು, ಅಸಲಿ. ಅವನ ಬಳಿ ಬಂದೂಕಿರಬಹುದೆಂದು ಶಾಲೆಯ ಸಿಬ್ಬಂದಿ ಅಂದೇ ಹಲವು ಸಲ ಎಚ್ಚರಿಸಿದ್ದರು. ಶಿಕ್ಷಕಿ ಬದುಕಿ ಉಳಿದರು ಎನ್ನುವುದಷ್ಟೇ ಸಮಾಧಾನ.

ಈಗ, ಅಮೆರಿಕದ ಒಂದು ಬೀದಿಯಲ್ಲಿ ಬಂದೂಕು ಹಿಡಿದ ಮಗು ನಿಮಗೇ ಕಂಡಿತು ಎಂದುಕೊಳ್ಳಿ. ನಮ್ಮವರು ಬಹಳ ಮಂದಿ ಮಕ್ಕಳು ಮೊಮ್ಮಕ್ಕಳನ್ನು ನೋಡಲು ಅಮೆರಿಕಕ್ಕೆ ಹೋಗಿ ಆರು ತಿಂಗಳು ಇದ್ದುಬರುತ್ತಾರೆ, ಸಂಜೆ ವಾಕಿಂಗ್ ಹೋಗುತ್ತಾರೆ. ಹಾಗಾಗಿ ಇದು ಬರಿಯ ಹೊರದೇಶದ ಸುದ್ದಿಯಲ್ಲ.

ಮೊದಲು ಇದ್ದಲ್ಲೇ ನಿಂತು ನೋಡಿ. ಮಗುವಿನ ವಯಸ್ಸು ಎಷ್ಟಿರಬಹುದು? ಜೊತೆಗೆ ಬೇರೆ ಮಕ್ಕಳು ನಗುತ್ತ ಓಡುತ್ತಿದ್ದಾರೆಯೆ, ಅಥವಾ ಹೆದರಿ ಓಡುತ್ತಿದ್ದಾರೆಯೆ? ಬಂದೂಕು ಕೈಯಲ್ಲಿದೆಯೋ ಸೊಂಟದಲ್ಲಿದೆಯೋ? ಗುರುತಿನ ಹುಡುಗನಾಗಿದ್ದು ಆಟವೆಂದು ಸ್ಪಷ್ಟವಿದ್ದರೆ ದೂರದಿಂದಲೇ ಹೆಸರು ಹಿಡಿದು ಕರೆಯಿರಿ, ಅದನ್ನು ಕೆಳಗಿಡಲು ಹೇಳಿ, ಮನೆಯವರಿಗೆ ಫೋನ್ ಮಾಡಿ. ಗುರುತಿಲ್ಲದಿದ್ದರೆ ಹತ್ತಿರ ಹೋಗಬೇಡಿ. ಹಿಂದಿನಿಂದ ಹೋಗಿ ಕಸಿದುಕೊಳ್ಳುವ ಶೌರ್ಯವಂತೂ ಬೇಡವೇ ಬೇಡ. ಅಸಲಿಯಾಗಿದ್ದರೆ ನಿಮ್ಮ ಕಥೆ ಮುಗಿಯಿತು, ನಕಲಿಯಾಗಿದ್ದರೆ ಮಗುವಿನ ಪಾಲಿಗೆ ನೀವೇ ದಾಳಿಕೋರರು. ಮೊಬೈಲ್ ಎತ್ತಿ ವಿಡಿಯೊ ಮಾಡುತ್ತ ನಿಲ್ಲುವವರಿಗೆ ನಾನು ಏನು ಹೇಳಲಿ.

ಅಸಲಿಯೋ ನಕಲಿಯೋ ತಿಳಿಯದಿದ್ದರೆ ಕರೆ ಮಾಡಿ. ಮಾತಿನ ಕ್ರಮ ಮಾತ್ರ ಹೀಗಿರಲಿ: ಮೊದಲ ವಾಕ್ಯದಲ್ಲೇ ‘ಚಿಕ್ಕ ಹುಡುಗ’ ಎಂಬುದು ಬರಲಿ. ಕ್ಲೀವ್‌ಲ್ಯಾಂಡಿನ ಕರೆಯಲ್ಲಿ ಅದು ಕೊನೆಗೆ ಬಂದಿತ್ತು. ಆಮೇಲೆ ‘ಕೈಯಲ್ಲಿ ಪಿಸ್ತೂಲಿನಂಥದ್ದಿದೆ, ಆಟಿಕೆಯಂತೆ ಕಾಣುತ್ತದೆ, ಖಚಿತವಿಲ್ಲ’ ಎನ್ನಿ. ಯಾರತ್ತಲೂ ಗುರಿ ಹಿಡಿದಿಲ್ಲವಾದರೆ ಅದನ್ನೂ ಬಾಯಿಬಿಟ್ಟು ಹೇಳಿ, ಕೇಳಲಿಲ್ಲವೆಂದು ಬಿಡಬೇಡಿ. ಕೊನೆಗೆ ‘ನಾನು ಹೇಳಿದ್ದನ್ನು ಒಮ್ಮೆ ಓದಿ ಹೇಳುತ್ತೀರಾ, ಹುಡುಗ ಅಂತ ಬರೆದುಕೊಂಡಿರಾ’ ಎಂದು ಕೇಳಿ. ಸಂಕೋಚ ಬೇಡ. ಫೋನ್ ಇಡಬೇಡಿ; ಹುಡುಗ ಅದನ್ನು ಕೆಳಗಿಟ್ಟರೆ, ತಾಯಿ ಬಂದು ಕರೆದುಕೊಂಡು ಹೋದರೆ, ಆ ಕ್ಷಣವೇ ತಿಳಿಸಿ. ಕರೆ ಕಡಿದುಹೋಗಿದ್ದರೆ ಮತ್ತೆ ಮಾಡಿ.

ನಮ್ಮಲ್ಲಿ ದೀಪಾವಳಿಗೆ ಕೇಪಿನ ಪಿಸ್ತೂಲು ಹಿಡಿಯದೆ ಬೆಳೆದ ಹುಡುಗರು ಕಡಿಮೆ. ಜಾತ್ರೆಯ ಸಾಲಿನಲ್ಲಿ ತೂಗುಹಾಕಿದ ಕೆಂಪು, ಹಸಿರು ಬಂದೂಕು ಕಂಡು ಯಾರೂ ಬೆಚ್ಚಿಬೀಳುವುದಿಲ್ಲ, ಬೀಳಬೇಕಾಗಿಯೂ ಇಲ್ಲ. ಆದರೆ ಆನ್‌ಲೈನಿನಲ್ಲಿ ಮನೆಬಾಗಿಲಿಗೆ ಬರುವ ಕಪ್ಪು ಬಣ್ಣದ, ಕೈಗೆ ತೂಕ ಸಿಗುವ ಆಟಿಕೆಗಳ ಮಾತೇ ಬೇರೆ. ಬೆಂಗಳೂರಿನಲ್ಲೇ 2024ರಲ್ಲಿ ರೀಲ್ಸ್ ಮಾಡುವವರೊಬ್ಬರು ನಕಲಿ ಎಕೆ-47 ಹಿಡಿದ ಅಂಗರಕ್ಷಕರೊಂದಿಗೆ ರಸ್ತೆಗಿಳಿದು ಜನರನ್ನು ಹೆದರಿಸಿ, ಕೊತ್ತನೂರು ಪೊಲೀಸರಿಂದ ಬಂಧನಕ್ಕೊಳಗಾದರು. ದೊಡ್ಡವರೇ ಹೀಗಾಡಿದರೆ ಹುಡುಗರು ನೋಡಿ ಕಲಿಯದೆ ಇರುತ್ತಾರೆಯೆ? ನಮ್ಮಲ್ಲಿ ಕರೆ ಮಾಡಬೇಕಾದ ಸಂಖ್ಯೆ 112; ಹೇಳುವ ಕ್ರಮ ಮಾತ್ರ ಅದೇ. ಇಲ್ಲಿ ಪೊಲೀಸರ ಗುಂಡಿಗಿಂತ ನನಗೆ ಹೆಚ್ಚು ಭಯ ಸುತ್ತ ಸೇರುವ ಗುಂಪಿನದು. ಒಬ್ಬರು ಕೂಗಿದರೆ ಹತ್ತು ಜನ ಬರುತ್ತಾರೆ, ಹನ್ನೊಂದನೆಯವರು ಕೈ ಎತ್ತುತ್ತಾರೆ. ಆದ್ದರಿಂದ ಬೀದಿಯಲ್ಲಿ ಕೂಗಬೇಡಿ.

ಆಟಿಕೆಯೆಂದು ಗೊತ್ತಾದ ಮೇಲೂ ಒಂದು ಕೆಲಸ ಉಳಿದಿರುತ್ತದೆ. ಅಂದೇ ಸಂಜೆ ಆ ಹುಡುಗನ ಮನೆಗೆ ಹೋಗಿಬನ್ನಿ. ಹುಡುಗನ ಎದುರಿಗೆ ಬೈಯಬೇಡಿ. ‘ನಿಮ್ಮ ಮಗನ ಪಿಸ್ತೂಲು ನೋಡಿ ನಾನೇ ಹೆದರಿಬಿಟ್ಟೆ ಕಣಮ್ಮ, ಮನೆಯೊಳಗೆ ಬೇಕಾದಷ್ಟು ಆಡಲಿ, ಬೀದಿಗೆ ತರುವುದು ಬೇಡ’ ಎಂದರೆ ಸಾಕು. ಮೂತಿಗೂ ಹಿಡಿಗೂ ಒಂದಿಷ್ಟು ಕೆಂಪು ಬಣ್ಣ ಬಳಿಯಲು ಹುಡುಗನನ್ನೇ ಕೂರಿಸಿದರೆ ಅವನಿಗೂ ಅದು ಆಟವೇ.