ಸೂರ್ಯನಿಂದ ಬರೋ ಮೆಸೇಜು, ಪಾರ್ಸೆಲ್ಲು

“ಸೌರ ಬಿರುಗಾಳಿ ಬರ್ತಿದೆ, ರಾತ್ರಿ ಫೋನ್ ಆಫ್ ಮಾಡಿ ಮಲಗಿ” ಅನ್ನೋ ಫಾರ್ವರ್ಡ್ ನಿಮ್ಮ ಮನೆ ಗ್ರೂಪಿಗೂ ಬಂದಿರಬಹುದು. ನಂಬಬೇಕಾ, ಬೇಡವಾ? ಐದು ಪದ ಗೊತ್ತಿದ್ರೆ ನೀವೇ ಹೇಳಬಹುದು. ನಾನು ಓದಿದ್ದು ಬಿ.ಕಾಂ., ಹಾಗಾಗಿ ಉದಾಹರಣೆ ಎಲ್ಲ ವ್ಯವಹಾರದ್ದೇ.

ಮೊದಲನೇದು ದ್ಯುತಿಗೋಳ. ನಮಗೆ ದಿನಾ ಕಾಣೋ ಸೂರ್ಯನ ಹೊಳೆಯೋ ಮೈ ಇದು. ಶಾಖ ಸುಮಾರು 5,500 ಡಿಗ್ರಿ ಸೆಲ್ಸಿಯಸ್. ಅದರ ಮೇಲೆ ಅಲ್ಲಲ್ಲಿ ಕಪ್ಪು ಚುಕ್ಕೆ ಇರುತ್ತೆ. ಅದು ಎರಡನೇ ಪದ, ಸೌರಕಲೆ. ಅಲ್ಲಿ ಕಾಂತಕ್ಷೇತ್ರ ಬಲವಾಗಿದ್ದು, ಒಳಗಿನ ಬಿಸಿ ಮೇಲೆ ಬರೋದನ್ನ ತಡೆಯುತ್ತೆ. ಸುತ್ತಮುತ್ತಲಿಗಿಂತ ತಣ್ಣಗಿರೋದ್ರಿಂದ ಕಪ್ಪಾಗಿ ಕಾಣುತ್ತೆ.

ಈ ಕಾಂತಕ್ಷೇತ್ರ ತಿರುಚಿಕೊಂಡು ಸಡಿಲಾದಾಗ ಎರಡು ಆಗಬಹುದು. ಒಂದು ಸೌರಜ್ವಾಲೆ, ಅಂದ್ರೆ ಬೆಳಕು ಮತ್ತು ಎಕ್ಸ್-ರೇಗಳ ಸ್ಫೋಟ. 15 ಕೋಟಿ ಕಿ.ಮೀ. ದಾಟಿ ಸುಮಾರು 8 ನಿಮಿಷ 20 ಸೆಕೆಂಡಲ್ಲಿ ಇಲ್ಲಿರುತ್ತೆ. ಇನ್ನೊಂದು ಸಿಎಂಇ, ಅಂದ್ರೆ ಕರೋನಲ್ ಮಾಸ್ ಇಜೆಕ್ಷನ್. ಸೂರ್ಯನ ಹೊರ ವಾತಾವರಣದ ಹೆಸರು ಕರೋನಾ. ಅಲ್ಲಿಂದ ಕೋಟಿಗಟ್ಟಲೆ ಟನ್ ವಿದ್ಯುತ್ ಕಣಗಳು ಚಿಮ್ಮಿ ಹೊರಡೋದೇ ಸಿಎಂಇ. ಇದು ಬರೋಕೆ ಸಾಮಾನ್ಯವಾಗಿ ಒಂದರಿಂದ ಮೂರು ದಿನ ಬೇಕು.

ಜ್ವಾಲೆ ಅಂದ್ರೆ ಫೋನಿಗೆ ಬಂದ ಮೆಸೇಜು. ಸಿಎಂಇ ಅಂದ್ರೆ ಪಾರ್ಸೆಲ್ಲು. ಪ್ರತಿ ಮೆಸೇಜಿನ ಹಿಂದೆ ಪಾರ್ಸೆಲ್ ಇರಲ್ಲ. ಇದ್ದರೂ ವಿಳಾಸ ನಮ್ಮದೇ ಆಗಬೇಕಿಲ್ಲ. ಎಷ್ಟೋ ಸಿಎಂಇ ಬೇರೆ ದಿಕ್ಕಿಗೆ ಹೋಗುತ್ತವೆ.

ಐದನೇ ಪದ ಎಲ್-1. ಭೂಮಿಯಿಂದ ಸೂರ್ಯನ ಕಡೆಗೆ 15 ಲಕ್ಷ ಕಿ.ಮೀ. ದೂರದ ಜಾಗ. ಸೂರ್ಯ ಬೆಂಗಳೂರಲ್ಲಿ, ಭೂಮಿ ಗುಬ್ಬಿಯಲ್ಲಿ ಇದೆ ಅಂದುಕೊಂಡರೆ, ಎಲ್-1 ಗುಬ್ಬಿಗೆ ಒಂದು ಕಿ.ಮೀ. ಮುಂಚೆ ಸಿಗೋ ಚೆಕ್‌ಪೋಸ್ಟ್. 2023ರ ಸೆಪ್ಟೆಂಬರ್ 2ರಂದು ಹಾರಿದ ಇಸ್ರೋದ ಆದಿತ್ಯ-ಎಲ್1 ನೌಕೆ, 2024ರ ಜನವರಿ 6ರಿಂದ ಅಲ್ಲೇ ಸುತ್ತುತ್ತಿದೆ. ಅದರಲ್ಲಿರೋ ಕರೋನಾ ನೋಡೋ ದೂರದರ್ಶಕ ತಯಾರಾಗಿದ್ದು ಹೊಸಕೋಟೆಯಲ್ಲಿ, ಭಾರತೀಯ ಖಭೌತ ಸಂಸ್ಥೆಯ ಕ್ಯಾಂಪಸ್ಸಲ್ಲಿ. ಪಾರ್ಸೆಲ್ ಎಲ್-1 ದಾಟಿತು ಅಂದ್ರೆ ನಮ್ಮ ಹತ್ರ ಅರ್ಧ ಗಂಟೆ, ಒಂದು ಗಂಟೆ ಟೈಮ್ ಇದೆ ಅಷ್ಟೇ.

2024ರ ಮೇ 10ರಂದು ಹಾಗೇ ಆಯ್ತು. ಒಂದರ ಹಿಂದೆ ಒಂದು ಸಿಎಂಇ ಬಂದು ಬಡಿದು, ಎರಡು ದಶಕದಲ್ಲೇ ದೊಡ್ಡ ಸೌರ ಬಿರುಗಾಳಿ ಎದ್ದಿತು. ಲಡಾಖ್‌ನ ಹಾನ್ಲೆಯಲ್ಲಿ ಆಕಾಶ ಕೆಂಪಾಯ್ತು. ಅಮೆರಿಕದಲ್ಲಿ ಜಿಪಿಎಸ್ ನಂಬಿ ಬಿತ್ತನೆ ಮಾಡೋ ಟ್ರ್ಯಾಕ್ಟರ್‌ಗಳು ನಿಂತುಬಿಟ್ಟವು. ನಮ್ಮ ಫೋನ್‌ಗಳು? ಆನ್ ಇದ್ದವೂ ಸರಿಯಾಗೇ ಇದ್ದವು.

ಹಾಗಂತ ಇದು ನಮಗೆ ಸಂಬಂಧ ಇಲ್ಲದ್ದಲ್ಲ. ನಮ್ಮ ಬಿದರೆಹಳ್ಳ ಕಾವಲ್‌ನಲ್ಲಿ 2023ರ ಫೆಬ್ರುವರಿ 6ರಂದು ಎಚ್‌ಎಎಲ್ ಹೆಲಿಕಾಪ್ಟರ್ ಕಾರ್ಖಾನೆ ಉದ್ಘಾಟನೆ ಆಯ್ತಲ್ಲ, ಹೆಲಿಕಾಪ್ಟರ್ ಹಾರಿಸೋರು ನಂಬೋದು ರೇಡಿಯೊ ಮತ್ತು ಜಿಪಿಎಸ್. ಸೌರ ಬಿರುಗಾಳಿ ಕೆಡಿಸೋದು ಅವನ್ನೇ. ಉಪಗ್ರಹ, ವಿದ್ಯುತ್ ಗ್ರಿಡ್‌ಗೂ ತೊಂದರೆ ಆಗಬಹುದು. ನೆಲದ ಮೇಲಿರೋ ನಮ್ಮ ಮೈಯನ್ನ ವಾತಾವರಣ, ಭೂಮಿಯ ಕಾಂತಕ್ಷೇತ್ರ ಎರಡೂ ಕಾಯುತ್ತವೆ. ಫೋನ್ ಆಫ್ ಮಾಡಿ ಮಲಗೋದ್ರಿಂದ ನಿದ್ದೆ ಚೆನ್ನಾಗಿ ಬರುತ್ತೆ, ಅಷ್ಟೇ ಲಾಭ.

ಮುಂದಿನ ಸಲ ಅಂಥ ಫಾರ್ವರ್ಡ್ ಬಂದ್ರೆ ಮೂರು ಪ್ರಶ್ನೆ ಕೇಳಿ. ಬಂದಿರೋದು ಜ್ವಾಲೆನಾ, ಸಿಎಂಇನಾ? ಅದು ನಮ್ಮ ಕಡೆಗೇ ಬರ್ತಿದೆಯಾ? ಹೇಳಿದ್ದು ಯಾರು, ಇಸ್ರೋನಾ, ಪಕ್ಕದ ಬೀದಿ ಅಂಕಲ್ಲಾ? ಉತ್ತರ ಸಿಗದಿದ್ರೆ ಅದನ್ನ ಮುಂದಕ್ಕೆ ಕಳಿಸಬೇಡಿ. ಮತ್ತೆ ಸಿಗೋಣ.