ದಾರಿ ತೋರಿಸೋರಿಗೂ ತರಬೇತಿ ಬೇಕು

ಬಡ ಮಕ್ಕಳಿಗೆ ದುಡ್ಡು ಕೊಟ್ಟರೆ ಮುಗೀತು ಅಂತೀವಿ. ಮುಗಿಯಲ್ಲ ಸ್ವಾಮಿ! ಯಾವ ಕಾಲೇಜು, ಯಾವ ಅರ್ಜಿ, ಕೊನೇ ದಿನ ಯಾವಾಗ ಅಂತ ಹೇಳೋರು ಬೇಡವೇ?

ಅಮೆರಿಕದಲ್ಲಿ ಈ ಕೆಲಸಕ್ಕೇ 1964ರಿಂದ 1968ರೊಳಗೆ ಮೂರು ಯೋಜನೆ ಬಂದವು. ಅದಕ್ಕೇ ಹೆಸರು ‘ಟ್ರಯೋ’. ಮನೆಯಲ್ಲಿ ಮೊದಲ ಸಲ ಕಾಲೇಜು ಮೆಟ್ಟಿಲು ಹತ್ತುವವರಿಗೆ ಆಸರೆ. 1976ರಲ್ಲಿ ಆ ಸಿಬ್ಬಂದಿಯ ತರಬೇತಿಗೂ ಕಾನೂನಿನಲ್ಲಿ ಜಾಗ ಸಿಕ್ಕಿತು.

ಯಾಕೆ? ನೆರವಿನ ನಿಯಮ ಬದಲಾಗುತ್ತಲೇ ಇರುತ್ತೆ. ಸಲಹೆಗಾರರು ಹಳೇ ನಿಯಮ ಹೇಳಿದರೆ ಹುಡುಗಿಯ ಒಂದು ವರ್ಷವೇ ಹೋಯ್ತು.

2025ರಲ್ಲಿ ಟ್ರಂಪ್ ಸರ್ಕಾರ ಟ್ರಯೋಗೆ ಹಣವೇ ಬೇಡ ಅಂತ ಬಜೆಟ್ ಪ್ರಸ್ತಾವ ಇಟ್ಟಿತು. ನಾನು ಕೇಳೋದಿಷ್ಟೇ: ಅಪ್ಪ-ಅಮ್ಮನಿಗೆ ಕಾಲೇಜು ಗೊತ್ತಿಲ್ಲದ ಆ ಹುಡುಗಿ ಯಾರನ್ನು ಕೇಳಬೇಕು?